ಛೀ ಮೇಸ್ತ್ರಿಯ ಬ್ರೇಕ್ ಲೈಟು

ನನ್ನ ದೊಡ್ಡಪ್ಪನಿಗೆ ಛೀ ಮೇಸ್ತ್ರಿ ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಬೈಕಿನ ವೈರಿಂಗ್ ಕೆಲಸ ಅವರದು. ಯಾರ ಗಾಡಿಯ ಸೀಟು ಎತ್ತಿದರೂ ಅವರ ಬಾಯಿಂದ ಮೊದಲು ಬರುತ್ತಿದ್ದದ್ದು ಆ ಒಂದು ಮಾತು. ಹಲ್ಲಲ್ಲಿ ಕಚ್ಚಿ ಸುಲಿದ ವೈರು, ಫ್ಯೂಸಿನ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ, ಬಿಸಿಲಿಗೆ ಕರಗಿ ಲೊಳಲೊಳ ಅನ್ನುವ ಟೇಪು, ಹೆಡ್‌ಲೈಟಿನೊಳಗೆ ಜಿರಲೆ ಮೊಟ್ಟೆ. ಯಾವನು ಮಾಡಿದ್ದು ಇದು, ಅನ್ನ ತಿನ್ನೋ ಕೈಯಲ್ಲೇ ಮಾಡಿದನಾ ಎಂದು ಗದರುತ್ತಿದ್ದರು. ಪಾಪ, ಗಾಡಿಯವನು ತಾನೇ ಮಾಡಿದ ಹಾಗೆ ತಲೆ ತಗ್ಗಿಸುತ್ತಿದ್ದ.

ಮನೆಯಲ್ಲೂ ಅಷ್ಟೇ. ಲೋಟವನ್ನು ಬೆಳಕಿಗೆ ಹಿಡಿದು ನೋಡದೆ ನೀರು ಕುಡಿದವರಲ್ಲ. ಒಂದು ದಿನ ನನ್ನನ್ನೂ ಬೆಳಕಿಗೆ ಹಿಡಿದು ನೋಡ್ತಾರೆ ಎಂದು ದೊಡ್ಡಮ್ಮ ನಗಾಡುತ್ತಿದ್ದರು.

ಗಾಡಿ ಹೊರಗೆ ಬಿಡುವ ಮುಂಚೆ ಅವರದೊಂದು ಕ್ರಮವಿತ್ತು. ಗಾಡಿಯವನನ್ನು ಸೀಟಿನ ಮೇಲೆ ಕೂರಿಸಿ, ತಾವು ಹಿಂದೆ ಕುಕ್ಕರುಗಾಲಲ್ಲಿ ಕೂತು, ಲೈಟಿನ ಗಾಜು ಒರೆಸಿ, ಬ್ರೇಕ್ ಹಿಡಿ ಅನ್ನುತ್ತಿದ್ದರು. ಕೆಂಪು ದೀಪ ಹತ್ತಿದರೆ ಸೀಟಿಗೊಂದು ಏಟು ಕೊಟ್ಟು, ಹೋಗು ಅನ್ನುತ್ತಿದ್ದರು. ಮೂವತ್ತೊಂದು ವರ್ಷ ಹೀಗೇ ನಡೆದಿತ್ತು. ನನ್ನ ಬೈಕಿಗೂ ಹೀಗೇ ಏಟು ಬಿದ್ದಿತ್ತು.

ನಾನು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವವಳು. ಆ ಏಟು ಬಿದ್ದ ವಾರಕ್ಕೆ ದೊಡ್ಡ ವೃತ್ತದ ಹತ್ತಿರ ನಾನು ಬ್ರೇಕ್ ಹಾಕಿದೆ, ಹಿಂದಿನಿಂದ ಲಾಂಡ್ರಿ ವ್ಯಾನು ಬಂದು ಗುದ್ದಿತು. ನನ್ನ ಬಲಗೈ ಮಣಿಕಟ್ಟು ಮುರಿಯಿತು. ವ್ಯಾನಿನ ಡ್ರೈವರ್ ಇಳಿದು ಓಡಿಬಂದು, ಇವರ ಬ್ರೇಕ್ ಲೈಟ್ ಹತ್ತಲೇ ಇಲ್ಲ ಅಂದ. ಹತ್ತಿರದ ತಮ್ಮ ಅಂಗಡಿಯಿಂದ ಸದ್ದು ಕೇಳಿ ಓಡಿಬಂದಿದ್ದ ದೊಡ್ಡಪ್ಪನಿಗೆ ಪಿತ್ತ ನೆತ್ತಿಗೇರಿತು. ನಾನು ನೋಡಿ ಬಿಟ್ಟ ಗಾಡಿ ಅದು ಎನ್ನುತ್ತಾ ನಡುರಸ್ತೆಯಲ್ಲಿ ಅವನ ಕೆನ್ನೆಗೆ ಬಾರಿಸಿಬಿಟ್ಟರು. ಕ್ಷಣದಲ್ಲಿ ಜಾತ್ರೆಯಷ್ಟು ಜನ ಸೇರಿದರು. ಕೆಲವರು ಹೊಡೆದದ್ದನ್ನೂ ಫೋನಲ್ಲಿ ವಿಡಿಯೊ ಮಾಡಿಕೊಂಡಿದ್ದರು. ನೋವಿನಲ್ಲೂ ನನಗೆ ಆ ಮುಖಗಳನ್ನು ಕಂಡು ಹೇಸಿಗೆಯಾಯಿತು.

ವಿಷಯ ತಿಳಿದ ಲಾಂಡ್ರಿ ಮಾಲೀಕ ಡ್ರೈವರನ ಕೈಯಿಂದ ವ್ಯಾನಿನ ಕೀಲಿ ಕಿತ್ತುಕೊಂಡ. ಲೈಟು ಸರಿಯಿತ್ತೆಂದು ಮೇಸ್ತ್ರಿ ಬರೆದುಕೊಟ್ಟರೆ ತಿಂಗಳ ಕೊನೆಗೆ ಇವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸುವುದಾಗಿ ಹೇಳಿದ. ದೊಡ್ಡಪ್ಪ ಹಿಂದೆಮುಂದೆ ನೋಡದೆ ಬರೆದು, ಸಹಿ ಹಾಕಿ, ಅಂಗಡಿಯ ಸೀಲನ್ನೂ ಒತ್ತಿ ಕೊಟ್ಟರು.

ಇಪ್ಪತ್ತು ದಿನ ಕಳೆದ ಮೇಲೆ ಅವರು ನನ್ನ ಬೈಕನ್ನು ಕೈಗೆತ್ತಿಕೊಂಡರು. ಬಿರುಕು ಬಿಟ್ಟಿದ್ದ ಹಿಂದಿನ ಗಾಜು ಬದಲಿಸಿ, ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ನನ್ನನ್ನು ಕೂರಿಸಿ, ಎಂದಿನಂತೆ ಬ್ರೇಕ್ ಹಿಡಿ ಅಂದರು. ಬಲಗೈಗೆ ಪ್ಲಾಸ್ಟರ್ ಇತ್ತಲ್ಲ, ನಾನು ಕಾಲಿನ ಬ್ರೇಕ್ ತುಳಿದೆ. ದೀಪ ಹತ್ತಲಿಲ್ಲ.

ಬಲ್ಬ್ ಬಿಚ್ಚಿ ಬೆಳಕಿಗೆ ಹಿಡಿದರು. ಒಳಗಿನ ಎರಡು ತಂತಿಯೂ ನೆಟ್ಟಗಿದ್ದವು. ಹೋಲ್ಡರ್ ಕೆರೆದರು, ಫ್ಯೂಸ್ ನೋಡಿದರು, ಟ್ಯಾಂಕಿನ ಕೆಳಗಿನ ವೈರನ್ನೆಲ್ಲ ಬೆರಳಲ್ಲಿ ಸವರಿದರು. ಮತ್ತೆ ತುಳಿ ಅಂದರು. ತುಳಿದೆ, ಏನೂ ಇಲ್ಲ. ಕೊನೆಗೆ ತಾವೇ ಮುಂದೆ ಬಂದು ಹ್ಯಾಂಡಲಿನ ಬ್ರೇಕ್ ಹಿಡಿದರು. ಹಿಂದಿನ ಗೋಡೆ ಕೆಂಪಾಯಿತು.

ಬೈಕಿನಲ್ಲಿ ಕೈಬ್ರೇಕಿಗೊಂದು ಸ್ವಿಚ್, ಕಾಲಿನ ಬ್ರೇಕಿಗೆ ಇನ್ನೊಂದು. ದೊಡ್ಡಪ್ಪ ನೆಲಕ್ಕೆ ಬಗ್ಗಿ ಕಾಲಿನ ಪೆಡಲ್ ಹತ್ತಿರ ಟಾರ್ಚ್ ಬಿಟ್ಟರು. ಪೆಡಲಿನಿಂದ ಸ್ವಿಚ್ಚನ್ನು ಎಳೆಯುವ ಸಣ್ಣ ಸ್ಪ್ರಿಂಗ್ ತುಂಡಾಗಿತ್ತು. ತುಂಡಾದ ತುದಿ ತುಕ್ಕು ಹಿಡಿದು, ಅದರ ಮೇಲೆ ಗ್ರೀಸು ಮಣ್ಣು ಸೇರಿ ಹಕ್ಕಳೆಗಟ್ಟಿತ್ತು. ಎಷ್ಟೋ ತಿಂಗಳ ಕೊಳೆ ಅದು.

"ಗುದ್ದಿದ ರಭಸಕ್ಕೆ ಕಿತ್ತುಹೋಗಿರಬೇಕು," ಅಂದರು. ನನ್ನ ಮುಖ ನೋಡಲಿಲ್ಲ. ಡಬ್ಬಿಯಿಂದ ಹೊಸ ಸ್ಪ್ರಿಂಗ್ ತೆಗೆದು ಸಿಕ್ಕಿಸಲು ಹೋದರು. ಅರ್ಧ ನಿಮಿಷದ ಕೆಲಸ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜಿರಲೆ ಮೊಟ್ಟೆ ಕಂಡರೂ ನನಗೆ ಅಷ್ಟು ಅಸಹ್ಯವಾಗುತ್ತಿರಲಿಲ್ಲ.

"ದೊಡ್ಡಪ್ಪ, ತುಕ್ಕು ನೋಡಿ," ಅಂದೆ. "ನಾನು ಓಡಿಸುವಾಗ ಕಾಲಲ್ಲೇ ಬ್ರೇಕ್ ಹಾಕೋದು. ನಿಮ್ಮ ಮುಂದೆ ಕೂತಾಗ ಮಾತ್ರ ಕೈಯಲ್ಲಿ ಹಿಡೀತೀನಿ. ಎಲ್ಲರೂ ಹಾಗೇ ಅಲ್ವಾ?"

ಅವರು ಸ್ಪ್ರಿಂಗ್ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟರು. ನಿಂತ ಗಾಡಿಯ ಮೇಲೆ ಎರಡೂ ಕಾಲು ಊರಿ ಕೂತವರು ಬ್ರೇಕ್ ಹಿಡಿ ಅಂದರೆ ಕೈಯಲ್ಲೇ ಹಿಡಿಯುತ್ತಾರೆ. ಹಿಂದೆ ಕುಕ್ಕರುಗಾಲಲ್ಲಿ ಕೂತವರಿಗೆ ದೀಪವಷ್ಟೇ ಕಾಣುತ್ತದೆ, ಹಿಡಿದದ್ದು ಯಾವ ಬ್ರೇಕ್ ಎಂಬುದಲ್ಲ. ಮೂವತ್ತೊಂದು ವರ್ಷ ಅವರು ಕಾಲಿನ ಸ್ವಿಚ್ ಪರೀಕ್ಷಿಸಿಯೇ ಇರಲಿಲ್ಲ. ಅವರಿವರ ಕೆಲಸಕ್ಕೆ ಮೂಗು ಮುರಿದ ಮನುಷ್ಯ ಮೂಗಿನ ಕೆಳಗೇ ಇದ್ದದ್ದನ್ನು ನೋಡಿರಲಿಲ್ಲ. ಆಮೇಲೆ ಎದ್ದು, ಸೋಪು ಹಾಕಿ ಎರಡು ಸಲ ಕೈ ತೊಳೆದು, ನಡಿ ಲಾಂಡ್ರಿಗೆ ಅಂದರು.

ಕೀಲಿ ಕಳೆದುಕೊಂಡ ಡ್ರೈವರನಿಗೆ ಆಸ್ಪತ್ರೆಯ ಹಾಸಿಗೆ ಬಟ್ಟೆ ವಿಂಗಡಿಸುವ ಕೆಲಸ ಕೊಟ್ಟಿದ್ದರು. ರಕ್ತ, ವಾಂತಿ, ಕೀವು. ವಾಸನೆಗೆ ನಾನು ಮೂಗು ಮುಚ್ಚಿಕೊಂಡೆ. ಲೋಟ ಬೆಳಕಿಗೆ ಹಿಡಿಯುವ ದೊಡ್ಡಪ್ಪ ಮೂಗಿಗೆ ಕರವಸ್ತ್ರವನ್ನೂ ಹಿಡಿಯದೆ ಆ ರಾಶಿಯ ನಡುವೆ ನಿಂತು ಎಲ್ಲವನ್ನೂ ಹೇಳಿದರು. ಮಾಲೀಕನನ್ನು ಕರೆಸಿ, ತಾವು ಬರೆದುಕೊಟ್ಟ ಕಾಗದ ವಾಪಸು ಕೇಳಿ ಹರಿದು, ತಪ್ಪು ತಮ್ಮದೆಂದು ಹೊಸದಾಗಿ ಬರೆದುಕೊಟ್ಟರು. ಮಾಲೀಕ ಸರಿ, ನಾಳೆಯಿಂದ ವ್ಯಾನ್ ತಗೋ ಎಂದು ಹೇಳಿ ಹೊರಟುಹೋದ. ಅವನ ಲೆಕ್ಕದಲ್ಲಿ ಅಲ್ಲಿಗೆ ಮುಗಿದಿತ್ತು.

ಡ್ರೈವರ್ ರಬ್ಬರ್ ಗ್ಲೌಸ್ ಬಿಚ್ಚಿದ. ದನಿ ಎತ್ತರಿಸದೆ ಹೇಳಿದ: "ನೀವು ನನಗೆ ಹೊಡೆದಿದ್ದು ಈ ಕೋಣೆಯಲ್ಲಲ್ಲ ಯಜಮಾನ್ರೇ. ನನ್ನ ಮಗಳು ಅದನ್ನ ಇನ್ನೊಬ್ಬರ ಫೋನಲ್ಲಿ ನೋಡಿದಳು."

ಮೂವರೂ ದೊಡ್ಡ ವೃತ್ತಕ್ಕೆ ಹೋದೆವು. ಸಂಜೆ ಕೆಲಸ ಬಿಡುವ ಹೊತ್ತು, ಕಾಲಿಡಲು ಜಾಗವಿರಲಿಲ್ಲ. ದೊಡ್ಡಪ್ಪ ಆವತ್ತು ನಿಂತ ಜಾಗದಲ್ಲೇ ನಿಂತು ಹೇಳಿದರು: "ಇವರ ತಪ್ಪಿಲ್ಲ. ಲೈಟ್ ಹತ್ತಿರಲಿಲ್ಲ. ನೋಡದೆ ಬಿಟ್ಟವನು ನಾನು. ಸುಮ್ಮಸುಮ್ಮನೆ ಇವರಿಗೆ ಹೊಡೆದೆ."

ಒಬ್ಬರೂ ತಿರುಗಿ ನೋಡಲಿಲ್ಲ. ದಾರಿಗೆ ಅಡ್ಡ ನಿಂತಿದ್ದೀರೆಂದು ಒಬ್ಬ ಬೈದುಕೊಂಡು ಹೋದ.

"ಒಬ್ಬರಾದ್ರೂ ನಿಲ್ಲೋವರೆಗೂ ಹೇಳಿ," ಅಂದ ಡ್ರೈವರ್.

ದೊಡ್ಡಪ್ಪ ಮತ್ತೆ ಹೇಳಿದರು. ಮತ್ತೆ, ಇನ್ನೂ ಜೋರಾಗಿ. ಐದನೇ ಸಲಕ್ಕೆ ಅವರ ದನಿ ಒಡೆಯಿತು. ಇನ್ನೂ ಯಾರೂ ನಿಂತಿರಲಿಲ್ಲ.