ಈರಣ್ಣನ ಇಂಗ್ಲಿಷ್ ವಾಕ್ಯ

ಗೆಳೆಯರೇ, ಇವತ್ತು ನಮ್ಮ ನಾಗಲದಿನ್ನೆಗೆ ಕಲೆಕ್ಟರ್ ದೊರೆ ಬಂದು ಹೋದರು. ಕುರಿ ಸಾಕುವ ಈರಣ್ಣ ಅವರೆದುರು ಇಂಗ್ಲಿಷಿನಲ್ಲಿ ಮಾತಾಡಿದ. ಕಲಿಸಿದವನು ನಾನೇ.

ಹೋದ ಬೇಸಿಗೆಯಲ್ಲಿ ಅವನ ಮಗಳು ಹೆರಿಗೆ ನೋವು ತಿನ್ನುತ್ತಾ ಆದೋನಿಯ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ, ಬಂಡಿಯೊಳಗೆ ತೀರಿಕೊಂಡಳು. "ನಮ್ಮ ಮಾತು ಇಂಗ್ಲಿಷಿಗೆ ತಿರುವಿ ಹೇಳೋರು ಅರ್ಧಾ ನುಂಗ್ತಾರ್ರಿ. ನಾನ ದೊರಿಗೆ ಹೇಳ್ತೀನಿ, ಕಲಸ್ರಿ ಮಾಸ್ತರ" ಎಂದು ಬಂದಿದ್ದ. ಊರಲ್ಲಿ ಡಾಕ್ಟರ್ ಇಲ್ಲ ಎನ್ನುವುದಕ್ಕೆ 'ವಿ ಹ್ಯಾವ್ ನೋ ಡಾಕ್ಟರ್' ಎಂಬ ಒಂದೇ ವಾಕ್ಯವನ್ನು ತಿಂಗಳುಗಟ್ಟಲೆ ಬಾಯಿಪಾಠ ಮಾಡಿಸಿದೆ. ಅವನ ಬಾಯಲ್ಲಿ 'ನೋ' ಮಾತ್ರ ಕೊನೆಗೇ ಬರುತ್ತಿತ್ತು, ನಮ್ಮ 'ಇಲ್ಲ'ದ ಹಾಗೆ.

ಇವತ್ತು ಕೈಮುಗಿದು, "ವಿ ಹ್ಯಾವ್ ಡಾಕ್ಟರ್..." ಎಂದು ಗಟ್ಟಿಯಾಗಿ ಹೇಳಿ ಉಸಿರು ತೆಗೆದುಕೊಂಡ. ಅಷ್ಟರಲ್ಲಿ ದೊರೆ "ವೆರಿ ಗುಡ್!" ಎಂದು ಬೆನ್ನು ತಟ್ಟಿ ಕಾರು ಹತ್ತಿದರು. ಜವಾನರ ಸಾಲಿನ ಹಿಂದಿನಿಂದ ನಾನು ಕೂಗಿದ್ದು ಯಾರಿಗೂ ಕೇಳಲಿಲ್ಲ.

"'ನೋ' ಅನ್ನೋದು ಇನ್ನಾ ಬಾಯಾಗ ಇತ್ತರಿ ಮಾಸ್ತರ" ಎಂದು ಈರಣ್ಣ ಅಳುತ್ತಾ ನಿಂತ.

ಅಂತೂ ಸರ್ಕಾರದ ಪಾಲಿಗೆ ಇವತ್ತಿನಿಂದ ನಾಗಲದಿನ್ನೆಯಲ್ಲಿ ಡಾಕ್ಟರ್ ಇದ್ದಾರೆ.