ಮೇಲಿನ ಹಲ್ಲು, ಬಲಗಣ್ಣು

ಪ್ರತಿದಿನ ಬೆಳಿಗ್ಗೆ ನನ್ನನ್ನು ನೋಡಿ ಮೊದಲು ನಗುವುದು ನನ್ನದೇ ಮೇಲ್ದವಡೆ. ಕಿಟಕಿಯ ಬಳಿಯ ಗಾಜಿನ ಲೋಟದಲ್ಲಿ ಮುಳುಗಿಕೊಂಡು, ಯಜಮಾನನಿಗಿಂತ ಮೊದಲೇ ಎದ್ದ ಗತ್ತಿನಲ್ಲಿ ಅದು ಹಲ್ಲು ಕಿರಿಯುತ್ತಿರುತ್ತದೆ. ಬಾಲ್ಯದಲ್ಲಿ ಮಾವಿನೆಲೆ ಮಡಚಿ, ಸುಟ್ಟ ಉಮಿಯ ಕರಿ ಹಚ್ಚಿ ತಿಕ್ಕಿದ ಸ್ವಂತ ಹಲ್ಲುಗಳು ಯಾವ ವಿದಾಯ ಸಮಾರಂಭವನ್ನೂ ಬಯಸದೆ ಒಂದೊಂದಾಗಿ ನಿವೃತ್ತವಾದ ಮೇಲೆ ನೇಮಕಗೊಂಡ ಈ ಕಟ್ಟುಹಲ್ಲಿನ ಬಲದಿಂದಲೇ, ಓದುಗ ಮಿತ್ರರೇ, ನಾನು ಉದ್ಯಾವರದ ನಮ್ಮ ಓಣಿಯಲ್ಲಿ ದಂತಶಾಸ್ತ್ರದ ಅನಧಿಕೃತ ಪಂಡಿತನಾಗಿದ್ದೇನೆ.

ಪಾಂಡಿತ್ಯಕ್ಕೆ ಪರೀಕ್ಷೆ ಬಂದದ್ದು ಗಿರಿಜಕ್ಕನಿಂದ. ಮಲ್ಪೆಯಿಂದ ಮೀನು ತಂದು ಮನೆಮನೆಗೆ ಮಾರುವ ಅವರ ಬಲಗೆನ್ನೆ ಒಂದು ದಿನ ಬನ್ಸಿನಂತೆ ಊದಿತ್ತು. ಹುಳುಕಾದ ಮೇಲಿನ ದವಡೆಹಲ್ಲಿನ ಮುಂದೆ ಲವಂಗ, ಉಪ್ಪುನೀರು, ಕೊನೆಗೆ ಸಂದಿಗೆ ತುರುಕಿದ ಹೊಗೆಸೊಪ್ಪು, ಎಲ್ಲವೂ ಸೋತಿದ್ದವು. ಶಾಲೆಯ ಮೈದಾನಕ್ಕೆ ಮಣಿಪಾಲದಿಂದ ಹಲ್ಲಿನ ಡಾಕ್ಟರರ ಬಸ್ಸು ಬಂದಿದೆ, ಹೋಗಿ ಕೀಳಿಸಿ ಎಂದೆ.

"ಮೇಲಿನ ಹಲ್ಲು ತೆಗೆದರೆ ಕಣ್ಣು ಹೋಗ್ತದೆ ಮಾರಾಯ್ರೆ. ಕಣ್ಣಿಲ್ಲದೆ ನಾನು ಮೀನು ಆರಿಸುವುದು ಹೇಗೆ?"

"ಎಂತ ಗಿರಿಜಕ್ಕ ನೀವು! ನನ್ನ ಮೇಲಿನ ಹಲ್ಲು ಪೂರಾ ತೆಗೆದಾಗಿದೆ. ನನಗೆ ಎಂತ ಆಗಿದೆ?"

ಅವರು ನನ್ನ ಮುಖವನ್ನು, ಅದರ ಮೇಲೆ ಕುಳಿತ ದಪ್ಪ ಕನ್ನಡಕವನ್ನು ಸಾವಧಾನವಾಗಿ ನೋಡಿದರು. "ಅದೇ ಅಲ್ವಾ ನಾನು ಹೇಳುವುದು?"

ವಿಜ್ಞಾನದ ಪರವಾಗಿ ಹಾಜರಾದ ಏಕೈಕ ಸಾಕ್ಷಿ ಎದುರುಪಕ್ಷಕ್ಕೆ ಅನುಕೂಲವಾಗಿ ನುಡಿದು ಕಟಕಟೆಯಿಂದ ಇಳಿದಂತಾಯಿತು.

ಹಲ್ಲಿನಿಂದ ಕಣ್ಣಿಗೆ ಈ ತಂತಿ ಎಳೆದವರು ಯಾರೋ ತಿಳಿಯದು. ಗಾಳಿಮಳೆಗೆ ಕಾಪುವಿನಿಂದ ಕಾರ್ಕಳದವರೆಗೆ ವಿದ್ಯುತ್ ತಂತಿಗಳೆಲ್ಲ ಕಡಿದು ಬಿದ್ದರೂ ಇದೊಂದು ಮಾತ್ರ ಅಲುಗಿದ್ದಿಲ್ಲ. ನಮ್ಮಂಥವರಿಗೆ ನಗುವುದು ಸುಲಭ, ಕಣ್ಣು ಮಂಜಾದರೆ ಪತ್ರಿಕೆಯನ್ನು ಮೂಗಿಗೆ ಹತ್ತಿರ ಹಿಡಿದರಾಯಿತು. ಮುಂಜಾನೆಯ ಹರಾಜಿನ ಗದ್ದಲದಲ್ಲಿ ಕಣ್ಣು ಮಿಟುಕಿಸುವುದರೊಳಗೆ ತಾಜಾ ಮೀನು ಯಾವುದು, ನಿನ್ನೆಯದು ಯಾವುದು ಎಂದು ಗುರುತಿಸಬೇಕಾದವರಿಗೆ ಹಲ್ಲು ಬರಿಯ ನೋವು, ಕಣ್ಣು ಅನ್ನ. ಅನ್ನವನ್ನೇ ಪಣಕ್ಕಿಡಿ ಎಂದು ಉಪದೇಶಿಸುವವನ ಸಾಕ್ಷಿ ಸ್ವಲ್ಪ ಗಟ್ಟಿಯಾಗಿರಬೇಕು, ಅಲ್ಲವೇ?

ಮರುದಿನ ನೋವು ತಡೆಯಲಾರದೆ ಗಿರಿಜಕ್ಕನೇ ಬಂದರು. "ಬನ್ನಿ, ಕೇಳಿಯಾದರೂ ಬರುವ." ಹೋದೆವು. ಬಸ್ಸಿನೊಳಗಿದ್ದ ಡಾಕ್ಟರಮ್ಮನಿಗೆ ನನ್ನದಕ್ಕಿಂತ ದಪ್ಪ ಕನ್ನಡಕ!

"ನಿಮ್ಮದೂ ಮೇಲಿನ ಹಲ್ಲು ತೆಗೆದದ್ದಾ?" ಗಿರಿಜಕ್ಕ ಕೇಳಿಯೇಬಿಟ್ಟರು.

ಡಾಕ್ಟರಮ್ಮ ನಕ್ಕು ಮಾಸ್ಕ್ ಕೆಳಗೆಳೆದು ಬಾಯಿ ಅಗಲಿಸಿದರು. "ಒಂದೂ ತೆಗೆದಿಲ್ಲ ಅಕ್ಕ. ನೀವೇ ನೋಡಿ."

ಬಂಗುಡೆಯ ಕಿವಿರು ಎತ್ತಿ ನೋಡುವ ಗಾಂಭೀರ್ಯದಲ್ಲಿ ಗಿರಿಜಕ್ಕ ಬಗ್ಗಿ ತಪಾಸಣೆ ನಡೆಸಿದರು. "ಹಲ್ಲು ಪೂರಾ ಉಂಟು. ಆದರೂ ಕಣ್ಣು ಹೋಗಿದೆ, ಪಾಪ!" ಎಂದು ಕನಿಕರಿಸಿ, ಹಾಗಾದರೆ ಹೋಗುವ ಕಣ್ಣು ಹಲ್ಲನ್ನು ಕೇಳಿ ಹೋಗುವುದಿಲ್ಲ ಎಂದು ತೀರ್ಪಿತ್ತು, ಸೆರಗು ಬಿಗಿದು ಕುರ್ಚಿಯಲ್ಲಿ ಕುಳಿತರು.

ಹಲ್ಲು ಕೀಳಿಸಿ ಕೆನ್ನೆಯ ಊತ ಇಳಿದ ಮೇಲೆ ಮತ್ತೆ ಬುಟ್ಟಿಯೊಂದಿಗೆ ಬಂದರು. ಕೊಂಡ ಬಂಗುಡೆಯ ತಟ್ಟೆಯನ್ನು ಹಿಂದಿನ ಬಾವಿಕಟ್ಟೆಯ ಮೇಲಿಟ್ಟು ಬಂದು, ವಿಜಯಿಯ ಠೀವಿಯಿಂದ ಕೇಳಿದೆ: "ಈಗ ಹೇಗುಂಟು ಬಲಗಣ್ಣು?"

ಗಿರಿಜಕ್ಕ ಅಂಗೈಯಿಂದ ಎಡಗಣ್ಣು ಮುಚ್ಚಿ, ನನ್ನ ಭುಜದಾಚೆ ನೋಡಿದರು. "ಸರೀ ಉಂಟು. ನಿಮ್ಮ ಬಾವಿಕಟ್ಟೆ ಮೇಲೆ ಬೆಕ್ಕು ಉಂಟು. ಅದರ ಬಾಯಲ್ಲಿ ದೊಡ್ಡ ಬಂಗುಡೆ ಉಂಟು."

ನಾನು ತಿರುಗಿ, ಕನ್ನಡಕ ಸರಿಮಾಡಿಕೊಂಡು ನೋಡುವಷ್ಟರಲ್ಲಿ ಅಲ್ಲಿ ಎರಡೂ ಇರಲಿಲ್ಲ.