ಫಟಫಟಿಯ ಮುಂದಿನ ಗಾಲಿ

ನಮ್ಮ ಮನೆಯವರ ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ನನಗೆ ಮೊದಲಿನಿಂದಲೂ ಆಗಿ ಬರಲಿಲ್ಲ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಮಾಲು ಅದು. ಯಾವ ದಂಡಿನಲ್ಲಿ ಯಾರನ್ನು ಹೊತ್ತಿತ್ತೋ, ಯಾರನ್ನು ಕೆಡವಿತ್ತೋ! ನಾಲ್ಕು ಕೈ ದಾಟಿ, ಐವತ್ತರ ದಶಕದ ಮೊದಲಿಗೆ ರೋಣದ ನಮ್ಮ ಅಂಗಳಕ್ಕೆ ಬಂದು ನಿಂತಿತು. ಹೊಸ ಸೊಸೆ ನಾನು, ಆರತಿ ಎತ್ತಲೇಬೇಕಲ್ಲ, ಎತ್ತಿದೆ. ಮನಸ್ಸಿನಲ್ಲಿ ಮಾತ್ರ ‘ಇದಕ್ಕ ಬೆಂಕಿ ಬೀಳಲಿ’ ಅಂದುಕೊಂಡೆ.

ನಮ್ಮದು ನೂಲಿನ ವ್ಯಾಪಾರ. ನೂಲಿನ ಗಂಟುಗಳನ್ನು ಹಿಂದೆ ಬಿಗಿದುಕೊಂಡು ಗಜೇಂದ್ರಗಡದ ನೇಕಾರರಿಗೆ ಮುಟ್ಟಿಸಿ ಬರುವುದು ಅವರ ಕೆಲಸ. ದಾರಿಯುದ್ದಕ್ಕೂ ಎರೆ ಬಯಲು, ಕಡೆಗೆ ಗುಡ್ಡದ ಇಳಿಜಾರು. ಆ ಇಳಿಜಾರಿನಲ್ಲಿ ಗಾಡಿ ನಿಲ್ಲುತ್ತಿರಲಿಲ್ಲ. ಮುಂದಿನ ಬ್ರೇಕು ಹೆಸರಿಗೆ ಮಾತ್ರ ಇತ್ತು. ಗಾಲಿಯ ನಡುವೆ ಕುಂಕುಮದ ಡಬ್ಬಿಯಷ್ಟು ಡ್ರಮ್ಮು, ಅದನ್ನು ಒಳಗಿನಿಂದ ಒತ್ತಿ ಹಿಡಿಯಬೇಕಾದ ಪಟ್ಟಿ ಸವೆದುಹೋಗಿತ್ತು. ಕೈಯಲ್ಲಿ ಎಷ್ಟು ಹಿಚುಕಿದರೂ ಗಾಡಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಕಾಲಿನ ಬ್ರೇಕು ಒತ್ತಿ, ಅದೂ ಸಾಲದೆ ಎರಡೂ ಚಪ್ಪಲಿ ನೆಲಕ್ಕೆ ಉಜ್ಜಿ ನಿಲ್ಲಿಸುತ್ತಿದ್ದರು. ಚಪ್ಪಲಿ ಹೊಲಿಯುವವನಿಗೆ ನಮ್ಮಿಂದಲೇ ಹೊಟ್ಟೆ ತುಂಬುತ್ತಿತ್ತು.

ಒಂದು ಸಂಜೆ ಅವರು ಮುಖ ಬೂದಿ ಮಾಡಿಕೊಂಡು ಬಂದರು. ರೊಟ್ಟಿ ಮುಟ್ಟಲಿಲ್ಲ. ಕಟ್ಟಿಗೆ ಹೊರೆ ಹೊತ್ತ ಮುದುಕಿಯೊಬ್ಬಳು ಇಳಿಜಾರಿನಲ್ಲಿ ಅಡ್ಡ ಬಂದಿದ್ದಳಂತೆ. ಗಾಡಿ ಅವಳ ಸೀರೆ ಸವರಿಕೊಂಡು ಹೋಯಿತಂತೆ. ಮುದುಕಿ ಹೆದರಿ ಕುಸಿದು ಕೂತಳಂತೆ.

“ಇವತ್ತ ಒಂದ ಜೀವಾ ಹೋಗತಿತ್ತು. ನನ್ನ ಕೈಲೆ ಹೋಗತಿತ್ತು,” ಅಂದರು.

“ಮಾರಿ ಬಿಡ್ರಿ ಆ ಸುಡಗಾಡನ್ನ,” ಅಂದೆ ನಾನು.

“ನಾ ಮಾರಿದ್ರ ತಗೊಂಡಾಂವ ಯಾರನ್ನರೇ ಕೊಲ್ತಾನ. ಮೊದಲ ಬ್ರೇಕ್ ಚಲೋ ಮಾಡಸ್ತೀನಿ.”

ಗದಗಿನ ಮಿಸ್ತ್ರಿಯೊಬ್ಬ ಎಲ್ಲಿಂದಲೋ ದೊಡ್ಡ ಫಟಫಟಿಯೊಂದರ ಮುಂದಿನ ಗಾಲಿ ಹುಡುಕಿಕೊಟ್ಟ. ಅದರ ಡ್ರಮ್ಮು ಊಟದ ತಾಟಿನ ಅಗಲ. ಒಳಗೆ ಹೊಸ ಪಟ್ಟಿ ಕೂರಿಸಿ, ಬ್ರೇಕಿಗೆ ದಪ್ಪ ತಂತಿ ಎಳೆದು, ಕೈ ಹಿಡಿಕೆಯನ್ನೂ ಉದ್ದದ್ದೇ ಹಾಕಿದ. ಊರ ಮಂದಿ ಸುಮ್ಮನಿರುತ್ತಾರೆಯೇ? “ಮುಂದಿನ ಬ್ರೇಕ್ ಹಿಡದ್ರ ಗಾಡಿ ಪಲ್ಟಿ ಹೊಡೀತೈತ್ರೀ,” ಎಂದು ಕಟ್ಟೆಯ ಮೇಲೆ ಕೂತು ಭವಿಷ್ಯ ಹೇಳಿದರು. ನಮ್ಮವರು ಕೇಳಲಿಲ್ಲ. ಓಣಿಯ ಆ ತುದಿಯಿಂದ ಜೋರಾಗಿ ಬಂದು ನಮ್ಮ ಹೊಸ್ತಿಲ ಎದುರಿಗೆ ಹಿಡಿಕೆ ಎಳೆದರು. ಗಾಡಿ ‘ಕೀಂ’ ಎಂದು ಒದರಿ ನಿಂತಲ್ಲೇ ನಿಂತಿತು. ಚಿಕ್ಕ ಹುಡುಗನ ಹಾಗೆ ನಕ್ಕರು. ಆ ನಗೆ ನೋಡಿ ನನ್ನ ಸಿಟ್ಟೂ ಅರ್ಧ ಇಳಿಯಿತು, ಸುಳ್ಳು ಯಾಕೆ ಹೇಳಲಿ.

ಮುಶಿಗೇರಿಯಿಂದ ಮಾವನವರು ಬಂದಿದ್ದರು. ಹೊಲ ಅಲ್ಲಿಯದು, ಸುಗ್ಗಿ ಮುಗಿದರೆ ನಮ್ಮಲ್ಲಿಗೆ ಬಂದು ಇರುತ್ತಿದ್ದರು. ಅವರ ಮನೆಯಿಂದ ಒಣ ಗಾಲಿಯ ಚಕ್ಕಡಿ ಎಂದೂ ಹೊರಬಿದ್ದದ್ದಿಲ್ಲ. ಎತ್ತು ಹೂಡಿ ಕೊಳ್ಳಗಟ್ಟುವ ಮೊದಲು ಗಾಲಿಗೆ ಔಡಲೆಣ್ಣೆ ಕುಡಿಸಬೇಕು, ಆಮೇಲೆ ಎತ್ತಿಗೆ ನೀರು, ಆಮೇಲೆ ಮನುಷ್ಯರ ಬೆಳಗಿನ ನ್ಯಾರಿ. “ಗಾಲಿ ಒದರೂ ಮನಿಗೆ ಹೆಣ್ಣ ಕೊಡಬಾರದು,” ಅನ್ನುವವರು ಅವರು. ನನ್ನನ್ನು ನೋಡಲು ಬಂದ ದಿನ ಅವರ ಚಕ್ಕಡಿ ಬಾಗಿಲಿಗೆ ಬಂದು ನಿಂತದ್ದೇ ನಮಗೆ ಗೊತ್ತಾಗಿರಲಿಲ್ಲ.

ಅಂಥವರ ಎದುರಿಗೆ ಮಗನ ಗಾಡಿ ‘ಕೀಂ’ ಎಂದು ಒದರಿತು.

“ಏನೋ ತಮ್ಮಾ, ಓಣಿ ತುಂಬ ಮಾನಾ ಕಳೀತೈತೆಲ್ಲೋ ಇದು?”

“ಎಪ್ಪಾ, ಅದು ಬ್ರೇಕಿನ ಸಪ್ಪಳ. ನಾಕ ದಿನಾ ಓಡಿದ್ರ ಹೋಕ್ಕೈತಿ.”

“ಗಾಲಿ ಅಂದ್ರ ಗಾಲಿನೋ. ಚಕ್ಕಡೀದರ ಇರಲಿ, ಫಟಫಟೀದರ ಇರಲಿ,” ಎಂದರು ಮಾವನವರು. ಮಗ ನಕ್ಕು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಲು ಬಂದೆ. ಮಾವನವರು ಮುಂದಿನ ಗಾಲಿಯ ಎದುರು ಕುಕ್ಕರಗಾಲಿನಲ್ಲಿ ಕೂತಿದ್ದರು. ಬಿದಿರಿನ ಗೊಟ್ಟದಿಂದ ಔಡಲೆಣ್ಣೆಯನ್ನು ಡ್ರಮ್ಮಿನ ಸಂದಿಗೆ ಸಣ್ಣಗೆ ಸುರಿಯುತ್ತ, ಇನ್ನೊಂದು ಕೈಯಿಂದ ಗಾಲಿ ತಿರುಗಿಸುತ್ತ, “ಕುಡಿ, ಕುಡಿ,” ಎಂದು ಕರುವಿಗೆ ಹೇಳಿದಂತೆ ಹೇಳುತ್ತಿದ್ದರು. ಹೊರಗೆ ಸೋರಿದ್ದನ್ನು ಮಗನ ಬಟ್ಟೆಗೆ ಹತ್ತೀತೆಂದು ತಮ್ಮ ಧೋತರದ ಚುಂಗಿನಿಂದಲೇ ಒರೆಸಿದರು. “ನೋಡವಾ, ಇನ್ನ ಒದರೂದಿಲ್ಲ,” ಅಂದರು. ಗಾಲಿಗೆ ಎಣ್ಣೆ ಹಾಕುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ನಾನೂ ನಕ್ಕೆ.

ಅಂದೇ ನಮ್ಮವರು ನೂಲಿನ ಗಂಟು ಬಿಗಿದುಕೊಂಡು ಗಜೇಂದ್ರಗಡಕ್ಕೆ ಹೊರಟರು. ಬಯಲು ದಾರಿಯಲ್ಲಿ ಬ್ರೇಕಿಗೆ ಕೆಲಸವೇ ಇರಲಿಲ್ಲ. ಇಳಿಜಾರಿಗೆ ಬಂದಾಗ ಹಿಡಿಕೆ ಎಳೆದರಂತೆ. ಸಪ್ಪಳ ಬರಲಿಲ್ಲ, ಗಾಡಿಯೂ ನಿಲ್ಲಲಿಲ್ಲ. ಔಡಲೆಣ್ಣೆ ಸುಟ್ಟ ವಾಸನೆ ಮಾತ್ರ ಮೂಗಿಗೆ ಬಡಿಯಿತಂತೆ. ಮುಂದಿನದನ್ನು ನಂಬಿ ಕಾಲಿನ ಬ್ರೇಕಿನ ಕಡೆ ಲಕ್ಷ್ಯವನ್ನೇ ಕೊಟ್ಟಿರಲಿಲ್ಲ, ಅದೂ ಕೈಕೊಟ್ಟಿತು. ಎದುರಿಗೆ ಹೆಂಗಸರು ಮಕ್ಕಳು ತುಂಬಿದ ಚಕ್ಕಡಿ ಬರುತ್ತಿತ್ತು. ನಮ್ಮವರು ಗಾಡಿಯನ್ನು ಹಳ್ಳದ ಮೋರಿಯ ಕಲ್ಲುಗೋಡೆಗೆ ತಿರುಗಿಸಿದರು.

ಗದಗಿನ ದವಾಖಾನೆಯಲ್ಲಿ ಎಡಗಾಲನ್ನು ಮೊಣಕಾಲಿನ ಮೇಲಿಂದ ತೆಗೆದರು. ಹೊರಗೆ ಕೂತು ನಾನು ಅತ್ತಿದ್ದು ಕಡಿಮೆ, ಬೈದದ್ದೇ ಹೆಚ್ಚು. ದೇವರನ್ನು ಬೈದೆ, ಮಿಲಿಟರಿಯವರನ್ನು ಬೈದೆ, ಮಿಸ್ತ್ರಿಯ ಏಳು ತಲೆಮಾರನ್ನೂ ಬಿಡಲಿಲ್ಲ.

ಆ ಮಿಸ್ತ್ರಿಯೇ ಮುರಿದ ಗಾಡಿ ಬಿಚ್ಚಿ ನೋಡಿ ದವಾಖಾನೆಗೆ ಓಡಿ ಬಂದ. ಮಾವನವರು ಆಗ ರೊಕ್ಕ ಹೊಂದಿಸಲು ಮುಶಿಗೇರಿಗೆ ಹೋಗಿದ್ದರು. “ಸಾವಕಾರ್ರ, ಡ್ರಮ್ ತುಂಬ ಎಣ್ಣಿ ಐತ್ರಿ. ಪಟ್ಟಿಗೆ ಎಣ್ಣಿ ತಾಕಿದ್ರ ಬ್ರೇಕ್ ಹ್ಯಾಂಗ ಹಿಡೀತೈತ್ರಿ? ಯಾರ ಹಾಕಿದ್ರು?” ಎಂದ.

“ಅಯ್ಯೋ, ಮಾವಾರು…” ಎಂದು ನಾನು ಬಾಯಿ ತೆರೆದೆ. ನಮ್ಮವರು ನನ್ನ ಮಣಿಕಟ್ಟನ್ನು ಗಪ್ಪನೆ ಹಿಡಿದರು. “ನಾನs ಹಾಕಿದ್ದೆ. ತಿಳೀಲಿಲ್ಲ,” ಎಂದರು ಅವನಿಗೆ. ಅವನು ಹೋದ ಮೇಲೆ ನನ್ನ ಕಡೆ ತಿರುಗಿದರು. “ಅಪ್ಪಗ ಗೊತ್ತಾಗಬಾರದು. ಗೊತ್ತಾದ್ರ ಬಾವಿ ನೋಡ್ಕೋತಾನ. ಬ್ರೇಕಿನ ತಂತಿ ಹರೀತು ಅಂತ ಹೇಳು. ನನ್ನ ಮ್ಯಾಲ ಆಣಿ.”

ಆಣೆ ಹಾಕಿಸಿಕೊಂಡೆ. ಅದನ್ನು ನಡೆಸುವುದೆಂದರೆ ಬಾಯಲ್ಲಿ ಕೆಂಡ ಇಟ್ಟುಕೊಂಡ ಹಾಗೆ. ಮಾತಾಡಿಸಲು ಬಂದವರೆದುರೆಲ್ಲ ಮಾವನವರು ಕಣ್ಣೀರು ಸುರಿಸುತ್ತ, “ಗಾಲೀದೇನೂ ತಪ್ಪಿಲ್ರಿ. ಅವತ್ತ ಮುಂಜಾನೆ ನಾನs ಕೈಯಾರೆ ಎಣ್ಣಿ ಕುಡಿಸಿ ಕಳಿಸಿದ್ದೆ. ಹಾಳಾದ ತಂತಿ ಹರೀತು,” ಅನ್ನುತ್ತಿದ್ದರು. ನಾನು ಒಳಗೆ ಹೋಗಿ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿಗೆ ಬಿದ್ದ ಪೆಟ್ಟು ಹೊರಗಿನವರಿಗೂ ಕೇಳುತ್ತಿತ್ತು. ಸಿಟ್ಟು ಅವರ ಮೇಲೆ ಬರುತ್ತಿತ್ತು. ಮರುಕ್ಷಣ, ಮಗನನ್ನು ಮಗುವಿನ ಹಾಗೆ ಎತ್ತಿಕೊಂಡು ಬಚ್ಚಲಿಗೆ ಒಯ್ಯುತ್ತಿದ್ದ ಆ ಮುದುಕರನ್ನು ಕಂಡು ಬಿಸಿನೀರು ತೋಡಿಕೊಡಲು ಏಳುತ್ತಿದ್ದೆ.

ಮುಂದಿನ ಬೇಸಿಗೆಗೆ ನರಗುಂದದ ವ್ಯಾಪಾರಿಯೊಬ್ಬರು ಫಟಫಟಿ ತಗೊಳ್ಳುತ್ತೇನೆಂದು ಬಂದರು. ಮಿಸ್ತ್ರಿ ಮುರಿದದ್ದನ್ನೆಲ್ಲ ಸರಿಮಾಡಿ, ಡ್ರಮ್ಮು ತೊಳೆದು, ಮತ್ತೆ ಹೊಸ ಪಟ್ಟಿ ಹಾಕಿ, ಗಾಡಿ ಓಡಿಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿ ಹೋದ. ನಿಲ್ಲಿಸುವಾಗ ಅದು ‘ಕೀಂ’ ಎಂದಿತು. ವ್ಯಾಪಾರಿ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು, ನಮ್ಮವರು ಕಟ್ಟೆಯ ಮೇಲೆ ಊರುಗೋಲು ಪಕ್ಕಕ್ಕಿಟ್ಟು ಕೂತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ, ಮಾವನವರು ಹಿತ್ತಲಿನಿಂದ ಎಣ್ಣೆಯ ಗೊಟ್ಟ ಹಿಡಿದುಕೊಂಡು ಬರುತ್ತಿದ್ದಾರೆ!

“ಮಂದಿ ಪಾಲಾಗಲಿ, ನಮ್ಮ ಮನಿಯಿಂದ ಒಣಾ ಗಾಲಿ ಹೋಗಬಾರದು,” ಎನ್ನುತ್ತ ಗಾಲಿಯ ಮುಂದೆ ಕೂತರು.

“ಎಪ್ಪಾ, ಬ್ಯಾಡ!” ಎಂದು ನಮ್ಮವರು ಕೂಗಿದರು.

“ಎರಡ ಹನಿ ಹಾಕ್ತೀನಿ, ತಡಿಯೋ.”

“ಬ್ಯಾಡ ಅಂದ್ನೆಲ್ಲಾ! ಅದರಾಗ ಎಣ್ಣಿ ಬಿದ್ರ ಬ್ರೇಕ್ ಹಿಡಿಯೂದಿಲ್ಲ! ಪಾಪ, ಅಂವಾ ಸಾಯ್ತಾನ!”

ವ್ಯಾಪಾರಿ ಚಹಾದ ಬಸಿ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಮಾವನವರು ಗೊಟ್ಟವನ್ನು ಮೇಲೆತ್ತಿ ಹಿಡಿದವರು ಹಾಗೆಯೇ ಉಳಿದರು. ಮಗನ ಮುಖ ನೋಡಿದರು. ಆಮೇಲೆ ಕಟ್ಟೆಯಿಂದ ಇಳಿಬಿದ್ದ ಒಂದೇ ಕಾಲನ್ನು ನೋಡಿದರು.

“ಅವತ್ತ ತಂತಿ ಹರೀತು ಅಂದೆಲ್ಲೋ?”

“ಹೌದಪಾ, ಹರದಿತ್ತು,” ಎಂದರು ನಮ್ಮವರು. ಆದರೆ ತಲೆ ಎತ್ತಲಿಲ್ಲ.

ಮಾವನವರು ನನ್ನ ಕಡೆ ತಿರುಗಿದರು. “ನೀ ಹೇಳವಾ. ಇಂವಾ ಸುಳ್ಳ ಹೇಳಾಕ ಹತ್ಯಾನ.”

ಆಣೆ ನೆನಪಿತ್ತು. ಆದರೆ ಆ ಕಣ್ಣಿಗೆ ಸುಳ್ಳು ಹೇಳುವ ಎದೆ ನನಗಿರಲಿಲ್ಲ. “ತಂತಿ ಹರದಿರಲಿಲ್ರಿ ಮಾವಾರ,” ಅಂದೆ.

ಅವರು ಅಳಲಿಲ್ಲ, ಬಾವಿಯ ಕಡೆಗೂ ಹೋಗಲಿಲ್ಲ. ಬಚ್ಚಲಿಗೆ ಹೋಗಿ ಒಲೆಬೂದಿ ಹಚ್ಚಿ ಕೈ ತೊಳೆದರು, ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದರು. ಎಂದಿನಂತೆ ಮಗನನ್ನು ಬಚ್ಚಲಿಗೆ ಒಯ್ಯುವುದು, ಅಂಗಿ ತೊಡಿಸುವುದು ಎಲ್ಲ ಮಾಡಿದರು. ಆದರೆ ಅಂದಿನಿಂದ ಕಡೆಯವರೆಗೂ ಮಗನ ಎದುರಿಗೆ ಕೂತು ಉಣ್ಣಲಿಲ್ಲ. “ಎಪ್ಪಾ, ಬಾ, ಕೂಡಿ ಉಣ್ಣೋಣು,” ಎಂದು ಇವರು ದಿನಾ ಕರೆಯುತ್ತಿದ್ದರು. “ನೀ ಉಣ್ಣು ತಮ್ಮಾ, ನನಗ ಇನ್ನೂ ಹಸಿವಾಗಿಲ್ಲ,” ಎನ್ನುತ್ತಿದ್ದರು ಅವರು. ಮಗ ಉಂಡೆದ್ದ ಮೇಲೆ ಅಡಿಗೆಮನೆಗೆ ಬಂದು, ಗೋಡೆಗೆ ಮುಖ ಮಾಡಿ ಕೂತು, ನಾನು ಹಾಕಿದ ರೊಟ್ಟಿಯಲ್ಲಿ ಅರ್ಧ ತಿಂದು ಅರ್ಧ ಬಿಡುತ್ತಿದ್ದರು.